ಮಡಿಸಲಾಗದ ಹಾಯಿ

ಗಾಳಿಯಂತ್ರವನ್ನು ದೂರದಿಂದ ನೋಡಿ ಚೆಂದ ಎಂದವರು ಬಹಳ, ಹತ್ತಿರ ನಿಂತು ನೋಡಿದವರು ಕಡಿಮೆ. ಚಿತ್ರದುರ್ಗದ ಗುಡ್ಡಗಳ ಮೇಲೋ ಗದಗಿನ ಕಪ್ಪತಗುಡ್ಡದ ಸೆರಗಿನಲ್ಲೋ ಅವು ಸಾಲುಗಟ್ಟಿ ನಿಂತಿದ್ದನ್ನು ಬಸ್ಸಿನ ಕಿಟಕಿಯಿಂದ ಕಂಡು, ಮಕ್ಕಳಿಗೆ ‘ಅಗೋ ಫ್ಯಾನು’ ಎಂದು ತೋರಿಸಿದರೆ ನಮ್ಮ ರಸಾಸ್ವಾದ ಮುಗಿಯಿತು. ಸಾವಧಾನವಾಗಿ ಸವಿಯಬೇಕು ಎನ್ನುವವರಿಗೆ ನಾನು ಹೇಳುವ ಜಾಗ ತಮಿಳುನಾಡಿನ ತೇನಿ ಜಿಲ್ಲೆ, ಕಾಲ ಆಷಾಢ. ಮಧುರೈಯಿಂದ ಹೊರಟು, ಉಸಿಲಂಪಟ್ಟಿ ಕಳೆದು, ಆಂಡಿಪಟ್ಟಿಯ ಬೆಟ್ಟದ ಸಂದು ದಾಟುತ್ತಿದ್ದ ಹಾಗೆ ಬಯಲು ತೆರೆದುಕೊಳ್ಳುತ್ತದೆ. ಈಗ ಬೋಡಿಯವರೆಗೂ ರೈಲು ಇರುವುದರಿಂದ ಕೂತಲ್ಲಿಂದಲೇ ನೋಡಬಹುದು. ಕಡಲು ಇಲ್ಲಿಂದ ಬಲು ದೂರ. ಆದರೂ ನಾನು ಕಂಡ ಅತ್ಯಂತ ಚೆಲುವಾದ ಹಾಯಿಗಳು ಇರುವುದು ಇಲ್ಲೇ.

ಹಾಯಿ ಎಂಬ ಮಾತನ್ನು ಲೆಕ್ಕ ಹಾಕಿಯೇ ಬಳಸಿದ್ದೇನೆ. ಈಚಿನ ವರ್ಷಗಳಲ್ಲಿ ದೊಡ್ಡ ಸರಕು ಹಡಗುಗಳ ಮೇಲೆ, ಅದಕ್ಕೂ ಮೊದಲಿಂದ ಪಂದ್ಯದ ದೋಣಿಗಳ ಮೇಲೆ, ಬಟ್ಟೆಯ ಬದಲು ಗಟ್ಟಿ ರೆಕ್ಕೆಯನ್ನೇ ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ವಿಮಾನದ ಒಂದು ರೆಕ್ಕೆಯನ್ನು ಬಿಚ್ಚಿ ಡೆಕ್ಕಿನ ಮೇಲೆ ಎತ್ತಿ ನಿಲ್ಲಿಸಿದಂತಿರುವ ಹಾಯಿ ಅದು. ಅದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಸಿಗುವ ಆಕಾರವೂ ಆಂಡಿಪಟ್ಟಿಯ ಹೊಲದ ಮೇಲೆ ಸುತ್ತುತ್ತಿರುವ ರೆಕ್ಕೆಯ ಆಕಾರವೂ ದಾಯಾದಿಗಳು. ಮೂತಿ ದುಂಡಗೆ, ಮೈ ಸ್ವಲ್ಪ ಉಬ್ಬಿ, ಹಿಂದಕ್ಕೆ ಹೋಗುತ್ತ ತೆಳುವಾಗಿ ಬಾಲದಲ್ಲಿ ಒಂದು ಗೆರೆಯಷ್ಟೇ ಉಳಿಯುತ್ತದೆ. ಗಾಳಿಯನ್ನು ತಡೆದು ನಿಲ್ಲಿಸುವ ಉದ್ದೇಶ ಈ ಆಕಾರಕ್ಕೆ ಇಲ್ಲ. ಬಂದ ಗಾಳಿಯನ್ನು ಮೈಗುಂಟ ಹರಿಯಗೊಟ್ಟು, ಹೊರಡುವಾಗ ಅದರ ದಿಕ್ಕನ್ನು ಒಂದಿಷ್ಟು ತಿರುಗಿಸಿ ಕಳಿಸುತ್ತದೆ. ಗಾಳಿ ಒಂದು ಕಡೆಗೆ ತಿರುಗಿತೆಂದರೆ ರೆಕ್ಕೆ ಇನ್ನೊಂದು ಕಡೆಗೆ ಎಳೆಯಲ್ಪಡಲೇಬೇಕು. ಹಡಗು ನಡೆಯುವುದೂ ಜನರೇಟರು ತಿರುಗುವುದೂ ಇದೇ ಎಳೆತದಿಂದ.

ಇಂಥ ನಾಜೂಕಿನ ಕೆಲಸಕ್ಕೆ ಒಳ್ಳೆಯ ಗಾಳಿ ಬೇಕು. ಕಂಬಂ ಕಣಿವೆಯ ಗಾಳಿ ಖಾನದಾನಿ ಗಾಳಿ. ಪಶ್ಚಿಮಕ್ಕೆ ಇಡುಕ್ಕಿಯ ಏಲಕ್ಕಿ ಬೆಟ್ಟಗಳು, ಇನ್ನೊಂದು ಮಗ್ಗುಲಿಗೆ ಮೇಘಮಲೈ ಮತ್ತು ವರುಸನಾಡಿನ ಸಾಲು. ನಡುವೆ ಕೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಎಂದು ಈಶಾನ್ಯಕ್ಕೆ ಅಗಲವಾಗುತ್ತ ತೇನಿಯ ಬಯಲಿಗಿಳಿಯುವ ನೆಲ. ನೈಋತ್ಯ ಮುಂಗಾರು ಕೇರಳದ ಮಗ್ಗುಲಲ್ಲಿ ತನ್ನ ಮಳೆಯ ಹೊರೆಯನ್ನು ಇಳಿಸಿ, ಕುಮಿಳಿಯ ನೆತ್ತಿ ಹತ್ತಿ, ಅಲ್ಲಿಂದ ಈ ಓಣಿಯೊಳಗೆ ಧುಮುಕುತ್ತದೆ. ತಮಿಳುನಾಡಿಗೆ ಪಡುವಣ ಗಾಳಿ ನುಗ್ಗಲು ಪಾಲಕ್ಕಾಡು, ಶೆಂಗೋಟ್ಟೈ, ಆರಲ್ವಾಯ್ಮೊಳಿ ಎಂಬ ಮೂರು ಹೆಬ್ಬಾಗಿಲುಗಳ ಜೊತೆಗೆ ಕಂಬಂ ನಾಲ್ಕನೆಯದು, ಉಳಿದವಕ್ಕಿಂತ ಕಿರಿದು. ಮೇ ತಿಂಗಳ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೆ ಒಂದೇ ದಿಕ್ಕು, ಒಂದೇ ಹಟ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳರದು. ಉತ್ಪ್ರೇಕ್ಷೆ ನಿಜ, ಆದರೆ ಜುಲೈ ಕೊನೆಯಲ್ಲಿ ಆಂಡಿಪಟ್ಟಿಯ ಹೊರಗೆ ಕೊಡೆ ಬಿಚ್ಚಲು ಹೋದವರಿಗೆ ಅದು ಅಷ್ಟು ದೊಡ್ಡ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಈ ಕಣಿವೆ ನೀರನ್ನೂ ಬೆಟ್ಟದ ಆಚೆಯಿಂದಲೇ ತರಿಸಿಕೊಂಡದ್ದು. ಪೆನ್ನಿಕ್ವಿಕ್ ಎಂಬ ಇಂಗ್ಲಿಷ್ ಎಂಜಿನಿಯರು ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿ, ಪಶ್ಚಿಮಕ್ಕೆ ಹರಿಯಬೇಕಿದ್ದ ಹೊಳೆಯನ್ನು ಸುರಂಗದಲ್ಲಿ ಹಾಯಿಸಿ ಪೂರ್ವಕ್ಕೆ ತಿರುಗಿಸಿದ್ದು 1895ರಲ್ಲಿ. ಇಂದಿಗೂ ಇಲ್ಲಿನ ಮನೆಗಳಲ್ಲಿ, ಅಂಗಡಿಗಳಲ್ಲಿ ಅವರ ಪಟ ಇದೆ. ಆ ನೀರಿಗೆ ಎರಡು ರಾಜ್ಯಗಳ ನಡುವೆ ಕೋರ್ಟು ಕಚೇರಿ ನಡೆದೇ ಇದೆ. ಅದೇ ಬೆಟ್ಟ ದಾಟಿ ಬರುವ ಗಾಳಿಯ ಬಗ್ಗೆ ಮಾತ್ರ ಯಾರೂ ಇದುವರೆಗೆ ತಕರಾರು ತೆಗೆದಿಲ್ಲ!

ಇನ್ನು ರೆಕ್ಕೆಯ ಹತ್ತಿರ ಹೋಗೋಣ. ನಿಂತಿರುವ ಯಂತ್ರದ ಬುಡದಿಂದ ಕತ್ತೆತ್ತಿ ನೋಡಿದರೆ ಕತ್ತು ನೋಯುತ್ತದೆಯೇ ವಿನಾ ಆಕಾರ ತಿಳಿಯುವುದಿಲ್ಲ. ರೆಕ್ಕೆಯನ್ನು ನೋಡಬೇಕಾದದ್ದು ನೆಲದ ಮೇಲೆ ಮಲಗಿಸಿಟ್ಟಾಗ. ಹಬ್ಬಿಗೆ ಬೋಲ್ಟು ಹಾಕುವ ಬುಡ ಪೂರ್ತಿ ಗುಂಡಗೆ, ಬಾಗಿದರೆ ಒಬ್ಬ ಆಳು ಒಳಗೆ ಹೋಗಬಹುದಾದಷ್ಟು ದೊಡ್ಡ ಕೊಳವೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಗುಂಡು ಚಪ್ಪಟೆಯಾಗತೊಡಗುತ್ತದೆ. ಇನ್ನೂ ನಾಲ್ಕು ಹೆಜ್ಜೆಗೆ ಮೈ ಅಗಲವಾಗಿ ಹರಡಿ ಅತಿ ದೊಡ್ಡ ಅಗಲಕ್ಕೆ ಬರುತ್ತದೆ. ಆಮೇಲೆ ಕೊನೆಯವರೆಗೂ ಸಣ್ಣಗಾಗುತ್ತ, ತೆಳುವಾಗುತ್ತ ಹೋಗುವುದೇ. ಇಷ್ಟನ್ನು ಯಾರಾದರೂ ಗಮನಿಸುತ್ತಾರೆ. ಸವಿಯಬೇಕಾದದ್ದು ಅದರ ತಿರುಚು. ಬುಡದ ಕಡೆ ನಿಂತು ಒಂದು ಕಣ್ಣು ಮುಚ್ಚಿ ತುದಿಯ ಕಡೆ ದೃಷ್ಟಿ ಹಾಯಿಸಿದರೆ ಇಡೀ ರೆಕ್ಕೆ ಮೆಲ್ಲಗೆ ತಿರುಚಿಕೊಂಡಿರುವುದು ಕಾಣುತ್ತದೆ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದಂಥ ತಿರುಚು.

ಯಾಕೆ ಹೀಗೆ? ಬುಡದ ಭಾಗ ಸುತ್ತುವುದು ನಿಧಾನ, ತುದಿ ಸುತ್ತುವುದು ಭರದಿಂದ. ಚಲಿಸುವ ವಸ್ತುವಿಗೆ ತಾಗುವ ಗಾಳಿ ಬೇರೆ, ನಿಂತವನಿಗೆ ತಾಗುವ ಗಾಳಿ ಬೇರೆ. ಸ್ಕೂಟರ್ ಓಡಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಒಂದೇ ರೆಕ್ಕೆಯ ಬುಡಕ್ಕೂ ನಡುವಿಗೂ ತುದಿಗೂ ಬೇರೆ ಬೇರೆ ದಿಕ್ಕಿನಿಂದ ಗಾಳಿ ಬರುತ್ತದೆ. ಪ್ರತಿ ಗೇಣೂ ತನಗೆ ಬರುವ ಗಾಳಿಗೆ ತಕ್ಕಂತೆ ಮುಖ ತಿರುಗಿಸಿಕೊಂಡಿದೆ. ನಮ್ಮ ಕಣ್ಣಿಗೆ ಲಾವಣ್ಯ ಎಂದು ತೋರುವುದು ಈ ಲೆಕ್ಕಾಚಾರವೇ. ಗಾಜಿನ ನಾರು, ರಾಳ, ಒಳಗೆ ಬಾಲ್ಸಾದಂಥ ಹಗುರ ಮರ, ಎರಡು ಚಿಪ್ಪುಗಳಾಗಿ ಎರಕ ಹೊಯ್ದು ಅಂಟಿಸಿದ ಮೈ ಎಂದೆಲ್ಲ ಅದರ ಕುಲಗೋತ್ರ ಹೇಳಬಹುದು. ಇಷ್ಟೆಲ್ಲ ಬಡಬಡಿಕೆ ತಿರುಚಿನ ಮುಂದೆ ಸಪ್ಪೆ.

ವೇಗದ ಮಾತು ಬಂತು. ರೋಟರಿನ ವ್ಯಾಸ 82 ಮೀಟರ್ ಇರುವ, ನಿಮಿಷಕ್ಕೆ 16 ಸುತ್ತು ಹಾಕುವ ಯಂತ್ರವನ್ನು ತೆಗೆದುಕೊಳ್ಳಿ. ಕೆಳಗಿನಿಂದ ನೋಡುವವರಿಗೆ ಆಲಸ್ಯ ಅನ್ನಿಸುವ ಸುತ್ತು. ತುದಿಯ ವೇಗ ಲೆಕ್ಕ ಹಾಕಿದರೆ ಗಂಟೆಗೆ 245 ಕಿಲೋಮೀಟರ್ ದಾಟುತ್ತದೆ. ಗಾಳಿಯ ಬಲದಿಂದಲೇ ನೆಲದ ಮೇಲೆ ಓಡಿದ ವಾಹನದ ದಾಖಲೆ, ನ್ಯೂಜಿಲೆಂಡಿನವರ ‘ಹೊರೊನುಕು’ 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಒಣ ಉಪ್ಪುಕೆರೆಯೊಂದರ ಮೇಲೆ ಮಾಡಿದ್ದು, ಗಂಟೆಗೆ 222.4 ಕಿಲೋಮೀಟರ್. ಅದಕ್ಕಿದ್ದದ್ದೂ ಗಟ್ಟಿ ರೆಕ್ಕೆಯೇ. ಆ ದಾಖಲೆಯನ್ನು ಆಂಡಿಪಟ್ಟಿಯ ರೆಕ್ಕೆಯ ತುದಿ ಯಾವ ಸುದ್ದಿಯೂ ಇಲ್ಲದೆ ದಿನವಿಡೀ ಮುರಿಯುತ್ತಿರುತ್ತದೆ, ಕೆಳಗೆ ಆಡು ಮೇಯಿಸುವವನು ತಲೆ ಎತ್ತಿಯೂ ನೋಡುವುದಿಲ್ಲ.

ಸದ್ದೂ ಇದೆ. ಸುಯ್ಯ್... ಸುಯ್ಯ್... ಎಂದು ಬಿಟ್ಟು ಬಿಟ್ಟು ಕೇಳುವ ಸದ್ದು. ಕಿವಿಗೊಟ್ಟು ಕೇಳಿದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಮೂರೂ ರೆಕ್ಕೆಗಳು ಸದಾ ಸುತ್ತುತ್ತಿದ್ದರೂ ಸದ್ದು ಏರುವುದು ಒಂದೊಂದು ರೆಕ್ಕೆ ಕೆಳಮುಖವಾಗಿ ಇಳಿಯುವಾಗ. ಮೇಲೇರುವ ರೆಕ್ಕೆಯದು ಅಷ್ಟಾಗಿ ಕೇಳದು. ಬಾಲದ ಅಂಚಿನಿಂದ ಹೊರಡುವ ಸದ್ದು ರೆಕ್ಕೆಯ ಮೂತಿ ಇರುವ ಕಡೆಗೇ ಹೆಚ್ಚು ಹರಡುವುದರಿಂದ, ಇಳಿಯುವ ರೆಕ್ಕೆ ನಮ್ಮತ್ತ ಮುಖಮಾಡಿ ಉಸಿರುಬಿಟ್ಟು ಹೋಗುತ್ತದೆ. ಬಟ್ಟೆಯ ಹಾಯಿಯ ಪಟಪಟ ಇದಕ್ಕಿಲ್ಲ. ಹಾಯಿ ಪಟಪಟಿಸಿತೆಂದರೆ ಗಾಳಿ ಕೈತಪ್ಪಿತು ಎಂದೇ ನಾವಿಕರ ಲೆಕ್ಕ. ಗಟ್ಟಿ ಹಾಯಿಗೆ ಆ ಗೋಳಾಟವಿಲ್ಲ. ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿದರೆ ಅದು ಸುಮ್ಮನಿರುತ್ತದೆ. ಬಿರುಗಾಳಿ ಎದ್ದಾಗ ಯಂತ್ರದ ರೆಕ್ಕೆಗಳನ್ನು ಅಂಚು ಮುಂದಾಗಿ ತಿರುಗಿಸಿಬಿಡುವುದೂ ಇದೇ ಉಪಾಯ.

ರೆಕ್ಕೆಯ ನೆರಳು ಬೀಳುವಷ್ಟು ಹತ್ತಿರದಲ್ಲಿ ಬಾಳೆ ತೋಟಗಳಿವೆ. ಗಾಳಿಯ ವಿಷಯದಲ್ಲಿ ಬಾಳೆಯದು ತೀರ ಬೇರೆ ಧೋರಣೆ. ಎಲೆ ಹುಟ್ಟುವಾಗ ಒಂದೇ ಹಾಳೆ. ಗಾಳಿ ಹೊಡೆದಂತೆ ನಾರಿನ ಗೆರೆಗುಂಟ ತಾನೇ ಸೀಳಿಕೊಂಡು ಗಾಳಿಗೆ ದಾರಿ ಬಿಡುತ್ತದೆ. ಸೀಳಿದ ಎಲೆಗೆ ಊಟದ ಪಂಕ್ತಿಯಲ್ಲಿ ಬೆಲೆ ಇಲ್ಲ, ಗಿಡ ಮಾತ್ರ ಉಳಿಯುತ್ತದೆ, ಗೊನೆಯ ಭಾರ ಇಲ್ಲದಿದ್ದರೆ. ಗೊನೆ ಹೊತ್ತ ಬಾಳೆಗೆ ಆಸರೆ ಕೊಡಲೇಬೇಕು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಕಾಪ್ಪಿಲಿಯರು ಎಂದು ಅವರನ್ನು ಕರೆಯುತ್ತಾರೆ, ಬೇಸಾಯ ಮತ್ತು ದನಕರು ಅವರ ಬದುಕು. ಕಂಬಂನ ನಂದಗೋಪಾಲನ್ ಗುಡಿಯ ದೇವರ ದನಗಳ ಹಟ್ಟಿಗೆ ಮಾಟ್ಟುಪೊಂಗಲಿನ ದಿನ ಜನ ಕಿಕ್ಕಿರಿಯುತ್ತಾರೆ. ಚಹಾದಂಗಡಿಯಲ್ಲಿ ತಮಿಳಿನ ರಾಗ ಹತ್ತಿದ ಆ ಕನ್ನಡ ಕಿವಿಗೆ ಬಿದ್ದಾಗ ನಾನು ಮಾತಿಗಿಳಿದೆ. ಈ ಫ್ಯಾನುಗಳು ನೋಡಲು ಚೆಂದ ಅಲ್ಲವೇ ತಾತ ಎಂದದ್ದಕ್ಕೆ ಹಿರಿಯರು, ‘ಚೆಂದ ಇರಲಪ್ಪಾ, ಅದುಕ್ಕೆ ಗಾಳಿ ಬೇಕು, ನನ್ನ ಬಾಳೆಗೆ ಬ್ಯಾಡ. ಇಬ್ಬರೂ ಒಂದೇ ದೇವರಿಗೆ ಕೈ ಮುಗೀತೀವಿ’ ಎಂದರು. ನನ್ನ ಸೌಂದರ್ಯಮೀಮಾಂಸೆ ಅಲ್ಲಿಗೆ ಸ್ವಲ್ಪ ಹೊತ್ತು ನಿಂತಿತು.

ಗಾಳಿಯಂತ್ರಕ್ಕೆ ಇರುವ ಒಂದು ಸುಖ ಹಡಗಿನ ಹಾಯಿಗೆ ಇಲ್ಲ. ಯಂತ್ರದ ರೆಕ್ಕೆ ಯಾವಾಗಲೂ ಒಂದೇ ಕಡೆಗೆ ಸುತ್ತುತ್ತದೆ. ಆದ್ದರಿಂದ ಅದರ ಒಂದು ಮೈ ಹೆಚ್ಚು ಉಬ್ಬು, ಇನ್ನೊಂದು ಕಡಿಮೆ ಎಂದು ಖಾಯಮ್ಮಾಗಿ ನಿರ್ಧರಿಸಿಬಿಡಬಹುದು. ಹಡಗಿಗೆ ಗಾಳಿ ಈಗ ಎಡದಿಂದ, ಇನ್ನೊಂದು ಗಳಿಗೆಗೆ ಬಲದಿಂದ. ಬಟ್ಟೆಯ ಹಾಯಿ ಈ ಕಡೆ ಉಬ್ಬಿದ್ದು ಆ ಕಡೆಗೆ ಉಬ್ಬುತ್ತದೆ, ಅದಕ್ಕೇನೂ ಖರ್ಚಿಲ್ಲ. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹೋಗುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳು ನೂರಾರು ವರ್ಷ ಈ ಸೌಲಭ್ಯದ ಮೇಲೇ ಬದುಕಿದವು. ಗಟ್ಟಿ ಹಾಯಿ ಮಾಡುವವನಿಗೆ ಇದೇ ದೊಡ್ಡ ತಲೆನೋವು: ಎರಡೂ ಮೈ ಸಮನಾಗಿಟ್ಟರೆ ಎಳೆತ ಸಾಲದು, ಒಂದು ಕಡೆ ಉಬ್ಬಿಸಿದರೆ ಇನ್ನೊಂದು ಕಡೆಯ ಗಾಳಿಗೆ ಅದು ನಿರುಪಯೋಗಿ. ಕಂಡುಕೊಂಡ ದಾರಿ ಸೊಗಸಾಗಿದೆ. ರೆಕ್ಕೆಯನ್ನು ಎರಡು ತುಂಡು ಮಾಡಿ, ಹಿಂದಿನ ತುಂಡನ್ನು ಕೀಲಿನ ಮೇಲೆ ಕೂರಿಸಿ, ನಡುವೆ ಕಿರಿದಾದ ಸಂದು ಬಿಡುವುದು. ಹಿಂದಿನ ತುಂಡನ್ನು ಎಡಕ್ಕೋ ಬಲಕ್ಕೋ ಓಲಿಸಿದರೆ ಬೇಕಾದ ಕಡೆಗೆ ಉಬ್ಬು ಬಂತು. ಆ ಸಂದಿನಲ್ಲಿ ನುಸುಳುವ ಗಾಳಿ ಹಿಂದಿನ ಮೈಯನ್ನು ಬಿಟ್ಟು ಹೋಗದಂತೆ ಪ್ರವಾಹವನ್ನು ಅಂಟಿಸಿ ಹಿಡಿಯುತ್ತದೆ. ಇಂಥ ಹಾಯಿಗಳ ಪೈಕಿ ದೈತ್ಯ ಎಂದರೆ 2010ರ ಫೆಬ್ರವರಿಯಲ್ಲಿ ವಲೆನ್ಸಿಯಾದ ಕಡಲಿನಲ್ಲಿ ಅಮೆರಿಕಾಸ್ ಕಪ್ ಗೆದ್ದ ಯುಎಸ್ಎ-17 ದೋಣಿಯದು, ಎತ್ತರ 68 ಮೀಟರ್. ಇಂಗಾಲದ ನಾರಿನ ಎಲುಬುಗಳ ಮೇಲೆ ತೆಳು ಪೊರೆ ಬಿಗಿದು ಮಾಡಿದ್ದು.

ಗೆದ್ದದ್ದೇನೋ ಸರಿ, ಸಂಜೆಗೆ ಏನು ಮಾಡುವುದು? ಗಟ್ಟಿ ಹಾಯಿಯ ಮುಖ್ಯ ಸಂಕಟ ಇದು. ಬಟ್ಟೆಯನ್ನು ಸುತ್ತಿ ಚೀಲಕ್ಕೆ ತುಂಬಬಹುದು. ರೆಕ್ಕೆಯನ್ನು ಸುತ್ತಲಾಗದು, ಮಡಿಸಲಾಗದು. ಪಂದ್ಯದ ದೋಣಿಗಳ ರೆಕ್ಕೆಗಳನ್ನು ಬೆಳಗ್ಗೆ ಕ್ರೇನಿನಿಂದ ಎತ್ತಿ ನಿಲ್ಲಿಸಿ, ಸಂಜೆ ಕ್ರೇನಿನಿಂದಲೇ ಇಳಿಸುವ ಸಂಭ್ರಮ. ವಾರಕ್ಕೊಮ್ಮೆ ಮೋಜಿಗೆ ದೋಣಿ ಹತ್ತುವವನ ಬಳಿ ಕ್ರೇನೂ ಇಲ್ಲ, ಪಡೆಯೂ ಇಲ್ಲ. ಬ್ರಿಟನ್ನಿನ ಜಾನ್ ವಾಕರ್ ಎಂಬವರು 1986ರಲ್ಲಿ ಆಶಿಂಗ್ಟನ್ ಎಂಬ ಸರಕು ಹಡಗಿಗೆ ಗಟ್ಟಿ ಹಾಯಿ ಹೂಡಿ, ಆಮೇಲೆ ಮೋಜಿನ ದೋಣಿಗಳಿಗೂ ತಂದರು. ಅವರ ದೋಣಿಯ ಬಗ್ಗೆ ಕಟುವಾಗಿ ಬರೆದ ಪತ್ರಿಕೆಯ ಮೇಲೆ ಅವರ ಕಂಪನಿ ಮಾನನಷ್ಟದ ಮೊಕದ್ದಮೆ ಹೂಡಿ, 1994ರಲ್ಲಿ ಹತ್ತು ಲಕ್ಷ ಪೌಂಡಿಗೂ ಮೀರಿದ ಪರಿಹಾರ ಗೆದ್ದಿತು. ಹಾಯಿಯ ರಸವಿಮರ್ಶೆಗೆ ಇಷ್ಟು ಬೆಲೆ ತೆತ್ತವರು ಬೇರೆ ಇರಲಾರರು. ನಾನು ಮಾತು ತೂಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ ಅಂದುಕೊಳ್ಳಿ.

ಸರಕು ಹಡಗಿನವರದು ಬೇರೆ ಹಾದಿ. ಜಪಾನಿನ ಷೋಫು ಮಾರು ಎಂಬ ಕಲ್ಲಿದ್ದಲು ಹಡಗು 2022ರಲ್ಲಿ ನೀರಿಗಿಳಿದಾಗ ಅದರ ಮುಂಭಾಗದಲ್ಲಿದ್ದದ್ದು ಒಂದರೊಳಗೊಂದು ಜಾರಿ ಕುಗ್ಗುವ ಗಟ್ಟಿ ಹಾಯಿ. 2023ರ ಆಗಸ್ಟಿನಲ್ಲಿ ಚೀನಾದಿಂದ ಬ್ರೆಜಿಲ್ಲಿಗೆ ಹೊರಟ ಪಿಕ್ಸಿಸ್ ಓಷನ್ ಹಡಗಿನ ಮೇಲೆ 37.5 ಮೀಟರ್ ಎತ್ತರದ ಎರಡು ರೆಕ್ಕೆಗಳಿದ್ದವು. ಬಂದರಿನಲ್ಲಿ ಅವು ಡೆಕ್ಕಿನ ಮೇಲೆ ಅಡ್ಡಬೀಳುತ್ತವೆ. ಮೊದಲ ಆರು ತಿಂಗಳ ಸರಾಸರಿಯಲ್ಲಿ ದಿನಕ್ಕೆ 3 ಟನ್ ಇಂಧನ ಉಳಿಯಿತೆಂದು ಹಡಗು ನಡೆಸಿದವರು ಹೇಳಿದರು. ಉಳಿತಾಯ ದೊಡ್ಡದೇ. ನೋಟದ ವಿಷಯಕ್ಕೆ ಬಂದರೆ, ಹಡಗಿನ ರೆಕ್ಕೆಗಳು ಬುಡದಿಂದ ತುದಿಗೆ ಒಂದೇ ಅಗಲ, ನೆಟ್ಟಗೆ ನಿಂತ ಬೀರುಗಳು. ತೇನಿಯ ತಿರುಚು ಕಂಡ ಕಣ್ಣಿಗೆ ಅವು ರುಚಿಸುವುದು ಕಷ್ಟ.

ಎರಡಕ್ಕೂ ಮನೆತನ ಒಂದೇ ಎಂಬುದಕ್ಕೆ ಜರ್ಮನಿಯ ಗ್ಯೋಟಿಂಗೆನ್ ಸಾಕ್ಷಿ. ಅಲ್ಲಿನ ಸಂಶೋಧನಾ ಸಂಸ್ಥೆಯ ಆಲ್ಬರ್ಟ್ ಬೆಟ್ಸ್, ಗಾಳಿಯಂತ್ರ ಎಷ್ಟೇ ಜಾಣತನದಿಂದ ಮಾಡಿದ್ದಿರಲಿ, ಹಾದುಹೋಗುವ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚು ಕೀಳಲಾಗದು ಎಂದು ಲೆಕ್ಕ ಹಾಕಿ ತೋರಿಸಿದವರು. ಪೂರ್ತಿ ಕಿತ್ತುಕೊಂಡರೆ ಗಾಳಿ ಅಲ್ಲೇ ನಿಂತು, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ. ಅದೇ ಸಂಸ್ಥೆಗೆ ಆಂಟನ್ ಫ್ಲೆಟ್ನರ್ ಎಂಬಾತ ತನ್ನ ಬುಕಾವ್ ಹಡಗಿಗೆ ಲೋಹದ ಗಟ್ಟಿ ಹಾಯಿ ಹಾಕಿಸುವ ಯೋಚನೆ ಹೊತ್ತು ಬಂದ. ಪ್ರಯೋಗಗಳು ನಡೆದು, ಹಾಯಿಯ ಯೋಚನೆ ಬಿದ್ದು, ಬದಲಿಗೆ ಸುತ್ತುವ ಎರಡು ಕೊಳವೆಗಂಬಗಳು 1924ರಲ್ಲಿ ಆ ಹಡಗಿನ ಮೇಲೆ ನಿಂತವು. ಸುಮಾರು ನೂರು ವರ್ಷದ ಬಳಿಕ ಆ ಬಿಟ್ಟ ಯೋಚನೆಗೆ ಹಡಗಿನವರು ಮರಳಿದ್ದಾರೆ, ಈ ಸಲ ಗಾಳಿಯಂತ್ರದವರು ಕಲಿಸಿದ ಗಾಜಿನ ನಾರಿನ ವಿದ್ಯೆಯೊಂದಿಗೆ. ತೂತ್ತುಕುಡಿ ಬಂದರಿನಲ್ಲಿ ಈಗ 80 ಮೀಟರಿಗೂ ಉದ್ದದ ರೆಕ್ಕೆಗಳು ಹಡಗು ಹತ್ತುತ್ತವೆ, ಸರಕಾಗಿ, ಅಂಗಾತ. ಇಷ್ಟೆಲ್ಲ ಹಾಯಿ ಹೊತ್ತ ಹಡಗು ಎಣ್ಣೆ ಸುಟ್ಟುಕೊಂಡು ಹೋಗುತ್ತದೆ!

ಈ ಸೀಮೆಗೆ ಬಟ್ಟೆಯ ರೆಕ್ಕೆಯ ಚರಿತ್ರೆಯೂ ಇದೆ, ನನಗೆ ಅದು ಬಹಳ ಪ್ರಿಯ. 1973ರ ಸುಮಾರಿಗೆ ಅಮೆರಿಕದ ಮಾರ್ಕಸ್ ಶೆರ್ಮನ್ ಮಧುರೈ ಕಡೆ ನೀರೆತ್ತುವ ಗಾಳಿಯಂತ್ರ ಕಟ್ಟಿದರು. ದಿಂಡಿಗಲ್, ತೇನಿ ಎರಡೂ ಆಗ ಮಧುರೈ ಜಿಲ್ಲೆಯೊಳಗೇ ಇದ್ದವು. ಹಬ್ಬಿನ ಜಾಗಕ್ಕೆ ಎತ್ತಿನಗಾಡಿಯ ಚಕ್ರ. ಅದಕ್ಕೆ ಮೂರು ಬಿದಿರು ಗಳ ಕಟ್ಟಿ, ಪ್ರತಿ ಗಳದ ತುದಿಯಿಂದ ಚಕ್ರದ ಅಂಚಿಗೆ ಒಂದು ನೈಲಾನ್ ಹುರಿ. ಗಳಕ್ಕೂ ಹುರಿಗೂ ನಡುವೆ ತ್ರಿಕೋನದ ಬಟ್ಟೆ. ಬಿದಿರು ದುಂಡು ಮೂತಿಯಾಯಿತು, ಬಿಗಿದ ಹುರಿ ಬಾಲದ ಅಂಚಾಯಿತು, ಗಾಳಿ ತುಂಬಿದೊಡನೆ ಬಟ್ಟೆ ತಾನಾಗಿ ರೆಕ್ಕೆಯ ಉಬ್ಬಿಗೆ ಬಂತು. ಎಂಟು ಮೀಟರ್ ವ್ಯಾಸದ ಆ ಯಂತ್ರಕ್ಕೆ ಬೇಕಾದದ್ದು ಬಡಗಿ ಮತ್ತು ದರ್ಜಿ. ಬಟ್ಟೆಯ ಹಾಯಿಯಿಂದ ಗಟ್ಟಿ ರೆಕ್ಕೆಗೆ ಹೋಗುವ ದಾರಿಯ ನಟ್ಟನಡುವೆ ನಿಂತ ಈ ಗಾಡಿಚಕ್ರ, ಕುಶಲತೆಯಲ್ಲಿ ಯಾವ ಇಂಗಾಲದ ನಾರಿಗೂ ಕಡಿಮೆಯಲ್ಲ ಎಂದೇ ನನ್ನ ತೀರ್ಪು.

ದಿಂಡಿಗಲ್ಲಿನ ಬಂಡೆಕೋಟೆ ಹತ್ತಿದರೆ ಗಾಳಿಯ ಭೂಗೋಳ ಪೂರ್ತಿ ತಿಳಿಯುತ್ತದೆ. ನಮ್ಮ ಹೈದರ್ ಅಲಿ 1755ರಲ್ಲಿ ಮೈಸೂರಿನ ಪರವಾಗಿ ಫೌಜುದಾರನಾಗಿ ಬಂದದ್ದು ಇಲ್ಲಿಗೇ. ಪಶ್ಚಿಮಕ್ಕೆ ಕೊಡೈಕೆನಾಲಿನ ಬೆಟ್ಟಗಳು ಅಡ್ಡ ನಿಂತಿವೆ. ಅವುಗಳ ಉತ್ತರಕ್ಕೆ ಪಾಲಕ್ಕಾಡಿನ ಗಾಳಿ, ದಕ್ಷಿಣಕ್ಕೆ ಕಂಬಂ ಗಾಳಿ. ಎರಡು ಹೊಳೆಗಳ ನಡುಗಡ್ಡೆಯಲ್ಲಿ ನಿಂತಿದ್ದೇವೆಂದು ಬೋಳು ಬಂಡೆಯ ಮೇಲೆ ಅಂಗಿ ಬಡಿದುಕೊಳ್ಳುವಾಗ ಅರ್ಥವಾಗುತ್ತದೆ.

ರೆಕ್ಕೆಗಳಿಗೂ ಮುಪ್ಪು ಬರುತ್ತದೆ. ತುದಿಯ ಆ ವೇಗಕ್ಕೆ ಮಳೆಹನಿ, ಧೂಳು, ಹುಳ ಬಡಿದು ಮೂತಿಯ ನುಣುಪು ಕಿತ್ತುಹೋಗುತ್ತದೆ. ಕೆಳಗಿಳಿಸಿಟ್ಟ ಹಳೆಯ ರೆಕ್ಕೆಯೊಂದರ ತುದಿಯನ್ನು ಮುಟ್ಟಿ ನೋಡಿದ್ದೇನೆ. ಬುಡದ ಕಡೆ ಅಂಗೈ ಜಾರುತ್ತಿತ್ತು. ತುದಿಯ ಮೂತಿಯಲ್ಲಿ ಬಣ್ಣ ಹೋಗಿ, ಸಣ್ಣ ಸಣ್ಣ ಗುಳಿ ಬಿದ್ದು, ಅಲ್ಲಲ್ಲಿ ನಾರು ಹೊರಗೆ ಇಣುಕಿ ಚರ್ಮಕ್ಕೆ ಕಚ್ಚುತ್ತಿತ್ತು. ಮೂತಿ ಒರಟಾದರೆ ಗಾಳಿ ಮೈಗೆ ಅಂಟಿ ಹರಿಯದೆ ಬೇಗ ಬಿಟ್ಟುಹೋಗುತ್ತದೆ, ವಿದ್ಯುತ್ತೂ ಕಡಿಮೆಯಾಗುತ್ತದೆ. ಗಾಳಿ ಇಳಿದ ತಿಂಗಳುಗಳಲ್ಲಿ ಇದರ ರಿಪೇರಿ. ರೆಕ್ಕೆಯನ್ನು ನೆಲದ ಕಡೆಗೆ ನಿಲ್ಲಿಸಿ, ಮೇಲಿನಿಂದ ಹಗ್ಗ ಬಿಟ್ಟುಕೊಂಡು ಇಳಿಯುವ ಹುಡುಗರು ಉಜ್ಜುತ್ತಾರೆ, ರಾಳ ತುಂಬುತ್ತಾರೆ, ಮತ್ತೆ ಉಜ್ಜುತ್ತಾರೆ. ಪಿಕ್ಸಿಸ್ ಓಷನ್ನಿನಂಥ ಹಡಗುಗಳ ರೆಕ್ಕೆಗಳು ಅಷ್ಟು ಭರದಲ್ಲಿ ಚಲಿಸುವುದಿಲ್ಲ, ಆದರೆ ಅವಕ್ಕೆ ಉಪ್ಪುನೀರಿನ ಸಹವಾಸ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅವುಗಳ ಮೈ ಸವರಿ ಸರಿಮಾಡುವ ಕೈಗಳಿಗೆ ಬಂದರುಗಳಲ್ಲಿ ಬೇಡಿಕೆ ಬಂದೀತು. ತೂತ್ತುಕುಡಿಯಲ್ಲಿ ಅಂಥ ಕೆಲಸ ಶುರುವಾದರೆ, ತೇನಿಯ ಹುಡುಗರು ಹೊಸದಾಗಿ ಕಲಿಯಬೇಕಾದ್ದು ಹಡಗಿನ ತೂಗಾಟವನ್ನು ತಡೆದುಕೊಳ್ಳುವುದು ಅಷ್ಟೇ.